ಎರಡು ಸುತ್ತಿನ ಓಟಕ್ಕೆ ಹತ್ತು ವರ್ಷದ ತಯಾರಿ

ಓದುಗರ ಪ್ರಶ್ನೆ, ಕ್ರೀಡಾ ಅಂಕಣಕಾರರ ಉತ್ತರ

ಶಾಲಾ ಕ್ರೀಡಾಕೂಟಗಳೂ ದಸರಾ ಕ್ರೀಡಾಕೂಟವೂ ಮುಗಿಯುತ್ತಿದ್ದಂತೆ ಓಟಕ್ಕೆ ಸಂಬಂಧಿಸಿದ ಪತ್ರಗಳು ಬರುವುದು ವಾಡಿಕೆ. ಈ ಬಾರಿ ಶಿವಮೊಗ್ಗ ಜಿಲ್ಲೆಯಿಂದ ಬಂದವುಗಳಲ್ಲಿ ಹೆಚ್ಚಿನವು 800 ಮತ್ತು 1,500 ಮೀಟರ್ ಓಟದ ಬಗ್ಗೆಯೇ ಇದ್ದುದರಿಂದ, ಅವುಗಳಲ್ಲಿ ಐದನ್ನು ಆರಿಸಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಈ ವರ್ಷ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ 800 ಹಾಗೂ 1,500 ಮೀಟರ್ ಎರಡರಲ್ಲೂ ಮೊದಲು ಬಂದಳು. 800 ಮೀಟರಿಗೆ 2 ನಿಮಿಷ 26 ಸೆಕೆಂಡು ತೆಗೆದುಕೊಂಡಿದ್ದಾಳೆ. ಕ್ರೀಡಾ ವಸತಿ ನಿಲಯಕ್ಕೆ ಸೇರಿಸಿ ಎಂದು ಪಿಟಿ ಮೇಷ್ಟ್ರು ಹೇಳುತ್ತಾರೆ. ಓಡಿ ಯಾರ ಹೊಟ್ಟೆ ತುಂಬಿದೆ ಎಂದು ಅವಳ ಅಜ್ಜಿ ಕೇಳುತ್ತಾರೆ. ನಮಗಿರುವುದು ಎರಡು ಎಕರೆ ಅಡಿಕೆ ತೋಟ. ಓಟವನ್ನು ನೆಚ್ಚಿಕೊಂಡು ಬದುಕಬಹುದೇ?
– ಒಬ್ಬ ತಂದೆ, ಹೊಸನಗರ ತಾಲ್ಲೂಕು

ಉತ್ತರ: ಅಜ್ಜಿಯವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಚಿನ್ನ ಗೆದ್ದ ಹರಿಯಾಣದ ಮಂಜೀತ್ ಸಿಂಗ್ ಅವರಿಗೆ ಆ ದಿನ ಕೈಯಲ್ಲೊಂದು ನೌಕರಿ ಇರಲಿಲ್ಲ. ಅದೇ ಓಟದಲ್ಲಿ ಬೆಳ್ಳಿ ಗೆದ್ದ ಕೇರಳದ ಜಿನ್ಸನ್ ಜಾನ್ಸನ್ ಸೇನೆಯಲ್ಲಿದ್ದವರು. ಅವರ ಸಂಬಳ, ಊಟ, ತರಬೇತಿ ಯಾವುದಕ್ಕೂ ಮನೆಯವರು ಕೈಯಿಂದ ಹಾಕಬೇಕಾಗಿರಲಿಲ್ಲ. ಇಬ್ಬರೂ ಸರಿಸಮಾನ ಓಟಗಾರರು, ಆದರೆ ಬದುಕಿನ ಭದ್ರತೆ ಒಬ್ಬರಿಗಿತ್ತು, ಇನ್ನೊಬ್ಬರಿಗಿರಲಿಲ್ಲ. ನಮ್ಮ ದೇಶದಲ್ಲಿ ಮಧ್ಯಮ ದೂರದ ಓಟ ತಾನಾಗಿ ಸಂಸಾರ ಸಾಕುವುದಿಲ್ಲ. ಓಟದಿಂದಾಗಿ ರೈಲ್ವೆಯಲ್ಲೋ ಸೇನೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಆದಾಯ ತೆರಿಗೆ ಇಲಾಖೆಯಲ್ಲೋ ಕ್ರೀಡಾ ಕೋಟಾದಡಿ ಸಿಗುವ ನೌಕರಿ ಸಾಕುತ್ತದೆ. ಆದ್ದರಿಂದ ಆ ನೌಕರಿಯವರೆಗೆ ನಿಮ್ಮ ಮಗಳು ಪೆಟ್ಟಿಲ್ಲದೆ, ಓದು ಬಿಡದೆ, ಓಟದ ಮೇಲಿನ ಪ್ರೀತಿ ಕಳೆದುಕೊಳ್ಳದೆ ತಲುಪುವಳೇ ಎಂಬುದು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಇಲ್ಲಿ ವಯಸ್ಸಿನ ಲೆಕ್ಕ ಬಹಳ ಮುಖ್ಯ, ಮತ್ತು ನಮ್ಮ ಪೋಷಕರೂ ಶಾಲೆಗಳೂ ತಪ್ಪುವುದು ಇಲ್ಲಿಯೇ. ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ನಲ್ಲಿ ಓಡಿದ 1 ನಿಮಿಷ 45.77 ಸೆಕೆಂಡಿನ ರಾಷ್ಟ್ರೀಯ ದಾಖಲೆ ನಲವತ್ತೆರಡು ವರ್ಷ ನಿಂತಿತ್ತು. ಅದನ್ನು 2018ರಲ್ಲಿ ಮುರಿದಾಗ ಜಾನ್ಸನ್‌ಗೆ ಇಪ್ಪತ್ತೇಳು ವರ್ಷ. ಚಿನ್ನ ಗೆದ್ದಾಗ ಮಂಜೀತ್‌ಗೆ ಇಪ್ಪತ್ತೊಂಬತ್ತು ತುಂಬಲು ಕೆಲವೇ ದಿನ ಬಾಕಿಯಿತ್ತು. ಮಹಿಳೆಯರಲ್ಲಿ ಟಿಂಟು ಲುಕಾ 2010ರಲ್ಲಿ, ಅಂದರೆ ಇಪ್ಪತ್ತೊಂದರ ಹರೆಯದಲ್ಲೇ, 1 ನಿಮಿಷ 59.17 ಸೆಕೆಂಡಿನ ರಾಷ್ಟ್ರೀಯ ದಾಖಲೆ ಬರೆದರು. ಆದರೆ ಆ ಓಟದ ಹಿಂದೆ ಕೇರಳದ ಉಷಾ ಶಾಲೆಯಲ್ಲಿ ಪಿ.ಟಿ. ಉಷಾ ಅವರ ಕೈಕೆಳಗೆ ಕಳೆದ ಹಲವು ವರ್ಷಗಳ ನಿಧಾನದ ತಯಾರಿ ಇತ್ತು. ಈ ಓಟದಲ್ಲಿ ಮೈ ಮಾಗುವುದು ಇಪ್ಪತ್ತರ ನಂತರ. ಹದಿನೈದರ ಹುಡುಗಿಗೆ ಮುಂದಿನ ವರ್ಷವೇ ರಾಜ್ಯ ಪದಕ ತರಿಸಬೇಕೆಂದು ದಿನ ಬಿಟ್ಟು ದಿನ ಟ್ರ್ಯಾಕಿನಲ್ಲಿ ಉಸಿರುಗಟ್ಟಿಸಿ ಓಡಿಸಿದರೆ ಪದಕ ಬಂದೀತು, ಹತ್ತೊಂಬತ್ತಕ್ಕೆ ಹುಡುಗಿ ಮಾತ್ರ ಮೈದಾನದಲ್ಲಿ ಇರುವುದಿಲ್ಲ. ಹೆಣ್ಣುಮಕ್ಕಳಲ್ಲಿ ಹದಿನಾರು ಹದಿನೇಳರ ಸುಮಾರಿಗೆ ಮೈಕಟ್ಟು ಬದಲಾಗುವಾಗ ಟೈಮಿಂಗ್ ಒಂದೆರಡು ವರ್ಷ ನಿಂತಲ್ಲೇ ನಿಲ್ಲುವುದು, ಕೆಲವೊಮ್ಮೆ ಹಿಂದೆ ಬೀಳುವುದು ಸಹಜ. ಆ ಹೊತ್ತಿಗೆ ಮನೆಯವರೂ ತರಬೇತುದಾರರೂ ತಾಳ್ಮೆ ಕಳೆದುಕೊಳ್ಳಬಾರದು. ತೂಕ ಇಳಿಸು ಎಂದು ಊಟ ಕಡಿಮೆ ಮಾಡಿಸುವುದಂತೂ ಕೂಡದು.

ಈಗ ಅವಳಿಗೆ ಬೇಕಾದದ್ದು ವಾರದಲ್ಲಿ ಐದು ದಿನದ ಓಟ. ಅದರಲ್ಲಿ ಮೂರು ದಿನ, ಜೊತೆಗಿರುವವರೊಂದಿಗೆ ಮಾತಾಡಿಕೊಂಡು ಓಡಬಹುದಾದಷ್ಟು ಹಗುರ ವೇಗದಲ್ಲಿ, ಮೂವತ್ತರಿಂದ ನಲವತ್ತೈದು ನಿಮಿಷ, ಮಣ್ಣಿನ ದಾರಿಯಲ್ಲಿ ಓಡಲಿ. ಒಂದು ದಿನ ಏರಿನಲ್ಲಿ ನೂರು ಮೀಟರಿನ ಚುರುಕು ಓಟಗಳು, ಇಳಿಯುವಾಗ ನಡಿಗೆ. ಒಂದು ದಿನ ಮಾತ್ರ ಮೈದಾನದಲ್ಲಿ 300 ಮೀಟರಿನ ಐದಾರು ಓಟ, 1,500 ಮೀಟರ್ ಸ್ಪರ್ಧೆಯ ವೇಗದಲ್ಲಿ, ನಡುವೆ ಎರಡು ಮೂರು ನಿಮಿಷದ ಬಿಡುವು ಕೊಟ್ಟು. ಗುಡ್ಡಗಾಡು ಓಟದ ಸ್ಪರ್ಧೆಗಳಿದ್ದರೆ ತಪ್ಪದೆ ಕಳುಹಿಸಿ. ಊರ ಹಬ್ಬದಲ್ಲೋ ಪೇಟೆಯಲ್ಲೋ ನಗದು ಬಹುಮಾನ ಇಟ್ಟು ನಡೆಸುವ ಹತ್ತು ಕಿಲೋಮೀಟರ್ ರಸ್ತೆ ಓಟಗಳಿಗೆ ಕಳುಹಿಸಬೇಡಿ. ಎರಡು ಸಾವಿರ ರೂಪಾಯಿಯ ಆಸೆಗೆ ಡಾಂಬರಿನ ಮೇಲೆ ಓಡಿ ಮೊಳಕಾಲ ಕೆಳಗಿನ ಮುಂಭಾಗದ ಮೂಳೆಗೆ ನೋವು ಹಚ್ಚಿಕೊಂಡು ಇಡೀ ಋತು ಕಳೆದುಕೊಂಡ ಮಕ್ಕಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ.

ಇದರ ಜೊತೆಗೆ ರಕ್ತ ಪರೀಕ್ಷೆ ಮಾಡಿಸಿ. ಹಿಮೊಗ್ಲೋಬಿನ್ ಮಾತ್ರ ಸಾಲದು, ಮೈಯಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯೂ ಬೇಕು. 800 ಮೀಟರಿನಲ್ಲಿ ಖರ್ಚಾಗುವ ಶಕ್ತಿಯ ಅರ್ಧಕ್ಕಿಂತ ಹೆಚ್ಚು, 1,500ರಲ್ಲಿ ಮುಕ್ಕಾಲಿಗೂ ಮಿಗಿಲು ಪಾಲು, ಉಸಿರಾಟದ ಆಮ್ಲಜನಕದ ಬಲದಿಂದಲೇ ಹುಟ್ಟುವಂಥದ್ದು. ಅದನ್ನು ಹೊತ್ತೊಯ್ಯುವ ರಕ್ತವೇ ತೆಳುವಾಗಿದ್ದರೆ ಎಂಥ ತರಬೇತಿಯೂ ಹತ್ತುವುದಿಲ್ಲ. ಮುಟ್ಟು ಆರಂಭವಾದ ಹುಡುಗಿಯರಲ್ಲಿ ಈ ಕೊರತೆ ಬಹಳ ಸಾಮಾನ್ಯ, ಮತ್ತು ಎಷ್ಟೋ ಸಲ ಅದನ್ನು ಸೋಮಾರಿತನ ಎಂದು ಬೈದು ಮುಗಿಸುತ್ತಾರೆ. ಹುರುಳಿ, ರಾಗಿ, ಸೊಪ್ಪು, ಮನೆಯಲ್ಲಿ ತಿನ್ನುವ ರೂಢಿಯಿದ್ದರೆ ಮೊಟ್ಟೆ ಮೀನು ಕೊಡಿ. ಅಕ್ಕಿ ರೊಟ್ಟಿಯ ಜೊತೆಗೇ ಲೋಟ ತುಂಬ ಕಾಫಿ ಕುಡಿಯುವ ನಮ್ಮ ಮಲೆನಾಡಿನ ಅಭ್ಯಾಸವನ್ನು ಅವಳ ಮಟ್ಟಿಗಾದರೂ ಬದಲಿಸಿ. ಕಾಫಿ, ಚಹಾ ಎರಡೂ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ, ಆದ್ದರಿಂದ ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ.

ವಸತಿ ನಿಲಯದ ವಿಷಯ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಲ್ಲಿ ಊಟ, ವಸತಿ, ಕಿಟ್, ತರಬೇತಿ ಸಿಗುತ್ತದೆ, ಆಯ್ಕೆ ಟ್ರಯಲ್ಸ್ ಮೂಲಕ ನಡೆಯುತ್ತದೆ. ಸೇರಿಸುವ ಮೊದಲು ನೀವೇ ಒಮ್ಮೆ ಹೋಗಿ ನೋಡಿ ಬನ್ನಿ. ಅಲ್ಲಿನ ತರಬೇತುದಾರರು ಓಟದವರೋ ಬೇರೆ ಕ್ರೀಡೆಯವರೋ, ಒಬ್ಬರ ಕೈಕೆಳಗೆ ಎಷ್ಟು ಮಕ್ಕಳಿದ್ದಾರೆ, ಹುಡುಗಿಯರಿಗೆ ಮಹಿಳಾ ವಾರ್ಡನ್ ಇದ್ದಾರೆಯೇ, ನಾಲ್ಕು ವರ್ಷದ ಹಿಂದೆ ಸೇರಿದ್ದ ಹುಡುಗಿಯರಲ್ಲಿ ಎಷ್ಟು ಮಂದಿ ಈಗಲೂ ಓಡುತ್ತಿದ್ದಾರೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಎಲ್ಲಕ್ಕಿಂತ ಮುಖ್ಯ. ತೃಪ್ತಿಯಾಗದಿದ್ದರೆ ಎಸ್ಎಸ್ಎಲ್‌ಸಿ ಮುಗಿಯುವವರೆಗೆ ಊರಿನಲ್ಲೇ ಪಿಟಿ ಮೇಷ್ಟ್ರ ಬಳಿ ಓಡಲಿ. ಒಂದೂವರೆ ವರ್ಷ ತಡವಾದರೆ ಈ ಓಟದಲ್ಲಿ ನಷ್ಟವೇನಿಲ್ಲ. ಪಿಯುಸಿಗೆ ಶಿವಮೊಗ್ಗಕ್ಕೆ ಬಂದರೆ ನೆಹರೂ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕ್ ಸಿಗುತ್ತದೆ. ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವ ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳ ಆಯ್ಕೆಗೂ ಪ್ರಯತ್ನಿಸಬಹುದು.

ಪ್ರಮಾಣಪತ್ರಗಳ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಲೆಕ್ಕಕ್ಕೆ ಬರುವುದು ದೇಶವನ್ನು ಪ್ರತಿನಿಧಿಸಿದ್ದು, ರಾಷ್ಟ್ರೀಯ ಕೂಟಗಳಲ್ಲಿ ರಾಜ್ಯವನ್ನು ಪ್ರತಿನಿಧಿಸಿದ್ದು, ಅಂತರ ವಿಶ್ವವಿದ್ಯಾಲಯ ಕೂಟ ಮತ್ತು ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ತಾಲ್ಲೂಕು, ಜಿಲ್ಲೆಯ ಪತ್ರಗಳು ಗೋಡೆಗೆ ಚೆನ್ನ. ಆದ್ದರಿಂದ ರಾಷ್ಟ್ರೀಯ ಶಾಲಾ ಕೂಟಕ್ಕೆ ರಾಜ್ಯ ತಂಡದಲ್ಲಿ ಸ್ಥಾನ, ಮುಂದೆ ಪದವಿಯಲ್ಲಿ ಅಂತರ ವಿಶ್ವವಿದ್ಯಾಲಯದ ಪದಕ, ಇವೆರಡನ್ನೂ ಗುರಿಯಾಗಿ ಇಟ್ಟುಕೊಳ್ಳಿ. ಎರಡನೆಯದಕ್ಕೆ ಅವಳು ಕಾಲೇಜಿನಲ್ಲಿರಲೇಬೇಕು. ಓದು ಬಿಡಿಸಬೇಡಿ ಎಂದು ಹೇಳುವುದಕ್ಕೆ ಅದೂ ಒಂದು ಕಾರಣ. ಜನ್ಮ ದಿನಾಂಕದಲ್ಲಿ ಯಾರೇ ತಿದ್ದುಪಡಿಯ ಸಲಹೆ ಕೊಟ್ಟರೂ ಬಾಗಿಲಲ್ಲೇ ಕಳುಹಿಸಿಬಿಡಿ.

ಪ್ರಶ್ನೆ: ನಾನು ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿ. 400 ಮೀಟರ್ 51 ಸೆಕೆಂಡಿಗೆ ಓಡುತ್ತೇನೆ, ಆದರೆ 800 ಮೀಟರ್ ಎರಡು ವರ್ಷದಿಂದ 1 ನಿಮಿಷ 58 ಸೆಕೆಂಡಿನಲ್ಲೇ ನಿಂತಿದೆ. ಮೊದಲ ಸುತ್ತು 55ರಲ್ಲಿ ಬರುತ್ತದೆ, ಎರಡನೆಯದರಲ್ಲಿ ಕೊನೆಯ 150 ಮೀಟರ್ ಕಾಲು ಏಳುವುದೇ ಇಲ್ಲ. 400ಕ್ಕೆ ಇಳಿಯಲೇ, 1,500ಕ್ಕೆ ಏರಲೇ?
– ಓದುಗ, ಸಾಗರ

ಉತ್ತರ: ನಿಮ್ಮ ಪತ್ರದಲ್ಲಿರುವ ಅಂಕಿಗಳೇ ಉತ್ತರ ಹೇಳುತ್ತಿವೆ. ತರಬೇತುದಾರರು ಸಾಮಾನ್ಯವಾಗಿ ಬಳಸುವ ಒರಟು ಲೆಕ್ಕವೊಂದಿದೆ: 400 ಮೀಟರಿನ ಸಮಯವನ್ನು ಇಮ್ಮಡಿಸಿ ಹತ್ತರಿಂದ ಹನ್ನೆರಡು ಸೆಕೆಂಡು ಕೂಡಿಸಿದರೆ, ಚೆನ್ನಾಗಿ ತಯಾರಾದ ಓಟಗಾರನ 800 ಮೀಟರ್ ಸಿಗಬೇಕು. ನಿಮ್ಮ ಮಟ್ಟಿಗೆ ಅದು 1 ನಿಮಿಷ 52ರಿಂದ 54. ಅಂದರೆ ವೇಗ ನಿಮ್ಮಲ್ಲಿದೆ. ಆ ವೇಗವನ್ನು ಕೊನೆಯವರೆಗೆ ಹೊತ್ತೊಯ್ಯುವ ದಮ್ಮು ಇಲ್ಲ. 400ಕ್ಕೆ ಇಳಿದರೂ ಉಪಯೋಗ ಕಡಿಮೆ, ಏಕೆಂದರೆ 51 ಸೆಕೆಂಡಿಗೆ ಅಲ್ಲಿ ಅಂತರ ವಿಶ್ವವಿದ್ಯಾಲಯದ ಬಾಗಿಲು ತೆರೆಯುವುದು ಕಷ್ಟ.

ಕೀನ್ಯಾದ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಶ್ವದಾಖಲೆಯ 1 ನಿಮಿಷ 40.91 ಸೆಕೆಂಡು ಓಡಿದಾಗ ಮೊದಲ ಸುತ್ತಿಗೆ 49.28, ಎರಡನೆಯದಕ್ಕೆ 51.63 ಸೆಕೆಂಡು ತೆಗೆದುಕೊಂಡರು. ಎರಡು ಸುತ್ತಿನ ನಡುವಿನ ಅಂತರ ಎರಡೂವರೆ ಸೆಕೆಂಡಿಗಿಂತ ಕಡಿಮೆ. ನಿಮ್ಮದು 55 ಮತ್ತು 63. ಅಂತರ ಎಂಟು ಸೆಕೆಂಡು. 800 ಮೀಟರಿನಲ್ಲಿ ಮೊದಲ ಸುತ್ತು ತುಸು ವೇಗವಾಗಿರುವುದು ಸರಿಯೇ, ಆದರೆ ಇಷ್ಟಲ್ಲ. ಮೊದಲ ತಿರುವಿನವರೆಗೆ ಎಲ್ಲರೂ ಅವರವರ ಲೇನಿನಲ್ಲಿ ಓಡಿ ನಂತರ ಒಳಲೇನಿಗೆ ಸೇರುವ ಹೊತ್ತಿನ ನೂಕುನುಗ್ಗಲಿನಲ್ಲಿ ಮುಂದಿರಬೇಕೆಂಬ ಆತುರಕ್ಕೆ ಹುಡುಗರು ಮೊದಲ 200 ಮೀಟರನ್ನೇ 26 ಸೆಕೆಂಡಿಗೆ ಓಡಿಬಿಡುತ್ತಾರೆ. ಅಲ್ಲಿ ಉಳಿಸಿದ ಒಂದು ಸೆಕೆಂಡಿಗೆ ಕೊನೆಯಲ್ಲಿ ನಾಲ್ಕು ಸೆಕೆಂಡು ತೆರಬೇಕಾಗುತ್ತದೆ. ಮುಂದಿನ ಸ್ಪರ್ಧೆಯಲ್ಲಿ ಮೊದಲ ಸುತ್ತನ್ನು 57ಕ್ಕೆ ಓಡಿ ನೋಡಿ. ಗೆಳೆಯನೊಬ್ಬನನ್ನು 200 ಮೀಟರ್ ಗುರುತಿನ ಬಳಿ ನಿಲ್ಲಿಸಿ ಕೂಗಿ ಸಮಯ ಹೇಳಿಸಿಕೊಳ್ಳುವ ಅಭ್ಯಾಸವನ್ನು ತರಬೇತಿಯಲ್ಲೇ ಮಾಡಿಕೊಳ್ಳಿ. 28 ಸೆಕೆಂಡು ಎಂದರೆ ಎಷ್ಟು ವೇಗ ಎಂಬುದು ಕಾಲಿಗೇ ತಿಳಿದಿರಬೇಕು.

ಇದು ಸ್ಪರ್ಧೆಯ ದಿನದ ಮಾತು. ಮೂಲ ಔಷಧ ಕಿಲೋಮೀಟರುಗಳಲ್ಲಿದೆ. ವಾರಕ್ಕೆ ಎಷ್ಟು ದೂರ ಓಡುತ್ತೀರೆಂದು ನೀವು ಬರೆದಿಲ್ಲ, ಆದರೆ 400 ಮೀಟರಿನ ಹುಡುಗರ ಜೊತೆ ತರಬೇತಿ ಮಾಡುವವರ ಲಕ್ಷಣ ಇದು. ನಿಧಾನವಾಗಿ, ತಿಂಗಳುಗಳ ಅವಧಿಯಲ್ಲಿ, ವಾರಕ್ಕೆ 50ರಿಂದ 60 ಕಿಲೋಮೀಟರಿಗೆ ಬನ್ನಿ. ಅದರಲ್ಲಿ ವಾರಕ್ಕೊಂದು ದಿನ, ಕಷ್ಟವೆನಿಸಿದರೂ ಹಿಡಿತ ತಪ್ಪದ ವೇಗದಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷದ ಟೆಂಪೊ ಓಟವಿರಲಿ. ಒಂದು ಋತುವಿನ ಮಟ್ಟಿಗೆ 1,500 ಮೀಟರನ್ನೇ ಮುಖ್ಯ ಸ್ಪರ್ಧೆಯಾಗಿ ತೆಗೆದುಕೊಳ್ಳಿ, ವಿಶ್ವವಿದ್ಯಾಲಯದ ಗುಡ್ಡಗಾಡು ಓಟಕ್ಕೂ ಹೆಸರು ಕೊಡಿ. ಮುಂದೆ 800ಕ್ಕೇ ಮರಳುತ್ತೀರೋ ಇಲ್ಲವೋ ಎಂಬುದು ಆಗ ತಾನಾಗಿ ತೀರ್ಮಾನವಾಗುತ್ತದೆ. ಜಾನ್ಸನ್ 800ರ ದಾಖಲೆ ಮುರಿದ ಮರುವರ್ಷವೇ, 2019ರಲ್ಲಿ, ಬರ್ಲಿನ್‌ನಲ್ಲಿ 1,500 ಮೀಟರನ್ನು 3 ನಿಮಿಷ 35.24 ಸೆಕೆಂಡಿಗೆ ಓಡಿ ಅದರ ರಾಷ್ಟ್ರೀಯ ದಾಖಲೆಯನ್ನೂ ಬರೆದರು. ಒಂದು ದೂರ ಇನ್ನೊಂದಕ್ಕೆ ಶತ್ರುವಲ್ಲ.

ಪ್ರಶ್ನೆ: ಸೇನಾ ಭರ್ತಿಗೆ 1,600 ಮೀಟರ್ ಅಭ್ಯಾಸ ಮಾಡುತ್ತಿದ್ದೇನೆ. ಪ್ರತಿದಿನ ಮುಂಜಾನೆ ಅಷ್ಟನ್ನೂ ಪೂರ್ತಿ ವೇಗದಲ್ಲಿ ಓಡಿ ಸಮಯ ನೋಡಿಕೊಳ್ಳುತ್ತೇನೆ. ಇದೇ ಅಭ್ಯಾಸದಲ್ಲಿ 1,500 ಮೀಟರ್ ಅಥ್ಲೀಟ್ ಆಗಬಹುದೇ?
– ಓದುಗ, ಶಿಕಾರಿಪುರ

ಉತ್ತರ: ಭರ್ತಿಯ ಓಟ ಒಂದು ದಿನ ಪಾಸಾಗಬೇಕಾದ ಪರೀಕ್ಷೆ. ಪ್ರತಿದಿನ ಮುಂಜಾನೆ 1,600 ಮೀಟರನ್ನೇ ಪೂರ್ತಿ ವೇಗದಲ್ಲಿ ಓಡಿ ಗಡಿಯಾರ ನೋಡುವ ನಿಮ್ಮ ಪದ್ಧತಿ ಆ ಪರೀಕ್ಷೆಗೂ ಒಳ್ಳೆಯದಲ್ಲ. ವಾರಕ್ಕೆ ಎರಡು ದಿನ ವೇಗ, ಉಳಿದ ದಿನ ಹಗುರ ಓಟ ಸಾಕು. ಭರ್ತಿಯಾದ ಮೇಲೆ ಘಟಕದ ಕೂಟಗಳಲ್ಲಿ ಓಡಿ. ಅಲ್ಲಿ ಚೆನ್ನಾಗಿ ಓಡಿದವರನ್ನು ಸೇನೆಯೇ ಗುರುತಿಸಿ ತರಬೇತಿಗೆ ಎತ್ತಿಕೊಳ್ಳುತ್ತದೆ.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ ಬಿಡುವುದೇ ಇಲ್ಲ. ಮೈದಾನ ಕೆಸರಾಗಿರುತ್ತದೆ. ಮಲೆನಾಡಿನ ಎತ್ತರ ಓಟಗಾರರಿಗೆ ಕೀನ್ಯಾದಂತೆ ವರ ಎಂದು ಕೆಲವರು ಹೇಳುತ್ತಾರೆ, ನಿಜವೇ?
– ದೈಹಿಕ ಶಿಕ್ಷಣ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಎರಡನೆಯದು ನಿಜವಲ್ಲ. ರುಡಿಶಾ ತರಬೇತಿ ಪಡೆದ ಕೀನ್ಯಾದ ಇಟೆನ್ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕ ವಿರಳವಾಗಿ ಮೈ ಹೆಚ್ಚು ಕೆಂಪು ರಕ್ತಕಣ ತಯಾರಿಸತೊಡಗಬೇಕಾದರೆ 1,800 ಮೀಟರಿಗಿಂತ ಮೇಲಾದರೂ ವಾರಗಟ್ಟಲೆ ಇರಬೇಕು. ಆಗುಂಬೆ ಇರುವುದು 650 ಮೀಟರಿನ ಆಸುಪಾಸಿನಲ್ಲಿ. ಕೊಡಚಾದ್ರಿಯ ತುದಿಯೇ 1,343 ಮೀಟರ್. ಮುಳ್ಳಯ್ಯನಗಿರಿ 1,900 ದಾಟುತ್ತದೆ, ಆದರೆ ಶಿಖರದ ಮೇಲೆ ಯಾರೂ ಮನೆ ಮಾಡಿಕೊಂಡಿರುವುದಿಲ್ಲ. ನಮ್ಮ ರಾಷ್ಟ್ರೀಯ ಶಿಬಿರದವರು ಊಟಿಗೆ ಹೋಗುತ್ತಿದ್ದುದು ಇದೇ ಕಾರಣಕ್ಕೆ.

ಮಲೆನಾಡಿನಲ್ಲಿ ಇರುವ ಲಾಭ ಬೇರೆ: ಏರು. ಮಕ್ಕಳು ಶಾಲೆಗೆ ನಡೆದು ಬರುವ ದಾರಿಯಲ್ಲೇ ತೊಡೆ, ಮೀನಖಂಡಗಳು ಗಟ್ಟಿಯಾಗುತ್ತವೆ. ಸೌಮ್ಯವಾದ ಏರೊಂದನ್ನು ಆರಿಸಿಕೊಂಡು, ಮೇಲಕ್ಕೆ ಮಾತ್ರ ಓಡಿಸಿ, ನಡೆದು ಇಳಿಸಿ. ಘಟ್ಟದ ಡಾಂಬರು ರಸ್ತೆಯ ಇಳಿಜಾರಿನಲ್ಲಿ ಓಡಿಸಬೇಡಿ. ಮಂಡಿಯ ಚಿಂತೆ ಒಂದಾದರೆ, ಮಂಜು ಕವಿದ ತಿರುವಿನಲ್ಲಿ ಬರುವ ಬಸ್ಸಿನ ಚಿಂತೆ ಇನ್ನೊಂದು.

ಮಳೆಗಾಲವನ್ನು ಹಗುರ ಓಟದ, ದಮ್ಮು ಕಟ್ಟುವ ಕಾಲವೆಂದು ತಿಳಿದರೆ ಅದು ಅಷ್ಟೇನೂ ನಷ್ಟವಲ್ಲ. ಹೇಗೂ ಆ ತಿಂಗಳುಗಳಲ್ಲಿ ಟ್ರ್ಯಾಕಿನ ವೇಗದ ತರಬೇತಿ ಬೇಕಿಲ್ಲ. ಜಲ್ಲಿ ಹಾಕಿದ ತೋಟದ ರಸ್ತೆಯಲ್ಲಿ ನೀರು ನಿಲ್ಲುವುದಿಲ್ಲ, ಅಲ್ಲಿ ಓಡಿಸಬಹುದು. ಪಾಚಿ ಕಟ್ಟಿದ ಕಾಲುಸಂಕ ಮತ್ತು ಗದ್ದೆಯ ಬದುವಿನಲ್ಲಿ ಬೇಡ. ಗುಡುಗು ಮಿಂಚಿದ್ದರೆ ಶಾಲೆಯ ಜಗಲಿಯಲ್ಲೇ ಹಗ್ಗದಾಟ, ಮೆಟ್ಟಿಲು, ಹೊಟ್ಟೆ ಬೆನ್ನಿನ ವ್ಯಾಯಾಮ ಮಾಡಿಸಿ. ಇಂಬಳಕ್ಕೆ ಕಾಲುಚೀಲದ ಮೇಲೆ ಸುಣ್ಣ, ಹೊಗೆಸೊಪ್ಪು ಸವರುವ ಹಳೆಯ ಉಪಾಯವನ್ನು ನಿಮಗೆ ನಾನು ಹೇಳಬೇಕಿಲ್ಲ. ನೆನೆದ ಬೂಟಿನೊಳಗೆ ಹಳೆಯ ದಿನಪತ್ರಿಕೆ ತುರುಕಿ, ಒಲೆಯಿಂದ ದೂರ ಇಟ್ಟು ಒಣಗಿಸಬೇಕೆಂದು ಮಕ್ಕಳಿಗೆ ಹೇಳಿ; ಒಲೆಯ ಪಕ್ಕವೇ ಇಟ್ಟರೆ ಅಂಟು ಬಿಟ್ಟು ಅಡಿ ಕಿತ್ತು ಬರುತ್ತದೆ. ಸೆಪ್ಟೆಂಬರಿನಲ್ಲಿ ಕೂಟಗಳು ಬೇಗ ಬಂದರೆ, ಕೊನೆಯ ಮೂರು ನಾಲ್ಕು ವಾರಗಳಲ್ಲಿ ವಾರಕ್ಕೊಮ್ಮೆ ಶಿವಮೊಗ್ಗದ ಟ್ರ್ಯಾಕಿಗೆ ಕರೆತಂದರೂ ಸಾಕು. ಸಿಂಥೆಟಿಕ್ ಟ್ರ್ಯಾಕ್ ಮಳೆಯಲ್ಲೂ ಓಡಲು ಬರುತ್ತದೆ.

ಪ್ರಶ್ನೆ: ಮದುವೆಗೆ ಮುಂಚೆ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ 1,500 ಮೀಟರ್ ಓಡಿದವಳು. ಈಗ ಇಪ್ಪತ್ತೆಂಟು, ಮಗುವಿಗೆ ಒಂದೂವರೆ ವರ್ಷ. ಮತ್ತೆ ಓಡಬೇಕೆಂಬ ಆಸೆಯಿದೆ. ನಮ್ಮತ್ತೆಯವರೂ ಮಗುವನ್ನು ನೋಡಿಕೊಳ್ಳುತ್ತೇನೆ ಎನ್ನುತ್ತಾರೆ. ಕಾಲ ಮೀರಿತೇ?
– ಓದುಗರು, ಭದ್ರಾವತಿ

ಉತ್ತರ: ವಯಸ್ಸಿನ ಕಾರಣಕ್ಕೆ ಮೀರಿಲ್ಲ. ಕೀನ್ಯಾದ ಫೇತ್ ಕಿಪ್ಯೆಗಾನ್ 1,500 ಮೀಟರಿನಲ್ಲಿ ಸತತ ಮೂರು ಒಲಿಂಪಿಕ್ಸ್ ಚಿನ್ನ ಗೆದ್ದವರು. 2016ರ ಮೊದಲನೆಯದು ಮಾತ್ರ ತಾಯಿಯಾಗುವ ಮುನ್ನ, ಉಳಿದೆರಡೂ ಮಗಳು ಹುಟ್ಟಿದ ನಂತರ. ಅವರ ವಿಶ್ವದಾಖಲೆಗಳೂ ಆಮೇಲಿನವೇ. ನಮ್ಮಲ್ಲಿ ಶೈನಿ ವಿಲ್ಸನ್ 800 ಮೀಟರನ್ನು 1 ನಿಮಿಷ 59.85 ಸೆಕೆಂಡಿಗೆ ಓಡಿದ್ದು 1995ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ತಾಯಿಯಾದ ಮೇಲೆ. 2002ರ ಬೂಸಾನ್ ಏಷ್ಯನ್ ಕ್ರೀಡಾಕೂಟದ 800 ಮೀಟರಿನಲ್ಲಿ ಬೆಳ್ಳಿ ಗೆದ್ದ ಮಾಧುರಿ ಸಕ್ಸೇನಾ ಆಗ ಪುಟ್ಟ ಮಗಳ ತಾಯಿ. ಆ ಮಗಳು ಹರ್‌ಮಿಲನ್ ಬೈನ್ಸ್ 2023ರಲ್ಲಿ ಹಾಂಗ್‌ಝೌನಲ್ಲಿ 800 ಮತ್ತು 1,500 ಎರಡರಲ್ಲೂ ಬೆಳ್ಳಿ ಗೆದ್ದರು.

ಆದರೆ ಈ ಹೆಸರುಗಳ ಹಿಂದೆ ನೌಕರಿ, ತರಬೇತುದಾರ, ಫಿಸಿಯೊ ಎಲ್ಲ ಇದ್ದರು ಎಂಬುದನ್ನು ಮರೆಯಬೇಡಿ. ನೀವು ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ, ಹೊಟ್ಟೆಯ ಮತ್ತು ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳು ಪೂರ್ತಿ ಚೇತರಿಸಿಕೊಂಡಿವೆಯೇ ಎಂದು ಕೇಳಿ. ಮಗುವಿಗೆ ಹಾಲೂಡಿಸುತ್ತಿದ್ದರೆ ಊಟ ಇನ್ನೂ ಹೆಚ್ಚಬೇಕು. ಮೊದಲ ಮೂರು ತಿಂಗಳು ನಡಿಗೆ ಮತ್ತು ಹಗುರ ಓಟ, ಆಮೇಲೆ ವೇಗ. ಒಂದು ವರ್ಷ ಯಾವ ಸ್ಪರ್ಧೆಯ ಮಾತೂ ಬೇಡ. ವರ್ಷದ ಕೊನೆಗೆ ನಿಮ್ಮ ಕಾಲೇಜು ದಿನಗಳ ಸಮಯದ ಹತ್ತಿರ ಬಂದಿದ್ದರೆ ರಾಜ್ಯ ಕೂಟಕ್ಕೆ ಹೆಸರು ಕೊಡಿ.

ಇದರ ಜೊತೆಜೊತೆಗೆ ಇನ್ನೊಂದು ಬಾಗಿಲನ್ನೂ ತಟ್ಟಿ ನೋಡಿ. ಅಂತರ ವಿಶ್ವವಿದ್ಯಾಲಯದಲ್ಲಿ ಓಡಿದವರಿಗೆ ತರಬೇತುದಾರರಾಗುವ ದಾರಿ ಇದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ, ಅಥವಾ ಶಾಲೆಯ ಕೆಲಸ ಬೇಕಿದ್ದರೆ ಬಿ.ಪಿ.ಇಡಿ. ಪದವಿ. ಮಲೆನಾಡಿನ ತಾಲ್ಲೂಕುಗಳಲ್ಲಿ ಹುಡುಗಿಯರನ್ನು ಓಡಿಸುವ ಮಹಿಳಾ ತರಬೇತುದಾರರು ಎಷ್ಟು ವಿರಳ ಎಂಬುದು ನಿಮಗೂ ಗೊತ್ತು. ಮೇಲಿನ ಹೊಸನಗರದ ತಂದೆಯಂಥವರು ಮಗಳನ್ನು ಯಾರ ಕೈಗೊಪ್ಪಿಸಲಿ ಎಂದು ಯೋಚಿಸುವಾಗ ಮೊದಲು ಹುಡುಕುವುದು ಅಂಥವರನ್ನೇ. ಪಟಿಯಾಲದ ಡಿಪ್ಲೊಮಾದ ಪ್ರವೇಶಕ್ಕೆ ವಯೋಮಿತಿಯನ್ನೂ ಕ್ರೀಡಾ ಸಾಧನೆಯನ್ನೂ ಗಣಿಸುತ್ತಾರೆ, ಆದ್ದರಿಂದ ಈ ವರ್ಷದ ಪ್ರಕಟಣೆ ಹೊರಬಿದ್ದ ಕೂಡಲೇ ತರಿಸಿಕೊಂಡು ಓದಿ, ಹಳೆಯ ಪ್ರಮಾಣಪತ್ರಗಳಲ್ಲಿ ಮದುವೆಗೆ ಮುಂಚಿನ ಹೆಸರಿದ್ದರೆ ಅದಕ್ಕೆ ಬೇಕಾದ ಅಫಿಡವಿಟ್ಟನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.